ಅರ್ಧ ಹಾಲ್‌ಗೆ ಮೇಣ

ನಮ್ಮೂರ ಹಳೇ ಕ್ಲಬ್ಬಿನ ಹಾಲಿಗೆ ತೇಗದ ಹಲಗೆಯ ನೆಲ. ಅದಕ್ಕೆ ಜೇನುಮೇಣ ಹಚ್ಚಿ, ಒಣ ತೆಂಗಿನಕಾಯಿ ಸಿಪ್ಪೆಯನ್ನು ಕಾಲಡಿ ಇಟ್ಟುಕೊಂಡು ಉಜ್ಜುವುದು ಪುಟ್ಟೀರಮ್ಮನ ಕೆಲಸ.

ಹೊಸ ಸೆಕ್ರೆಟರಿ ವಾಮನರಾಯರು ಬಂದವರೇ ಮೂಗು ಮುರಿದರು. "ಇದೆಲ್ಲ ಓಬೀರಾಯನ ಕಾಲದ್ದು. ವಾರ್ನಿಷ್ ಬಳಿಸ್ತೀನಿ. ಐದು ವರ್ಷ ಯಾರೂ ನೆಲ ಮುಟ್ಟಬೇಕಿಲ್ಲ. ನೀನೂ ಬರಬೇಕಿಲ್ಲ."

"ಆಗ್ಲಿ ಬುದ್ಧಿ. ಅರ್ಧ ಹಾಲಿಗೆ ವಾರ್ನಿಷ್, ಅರ್ಧಕ್ಕೆ ನನ್ನ ಮೇಣ. ಮೂರು ತಿಂಗಳು ನೋಡಿ. ಸೋತ್ರೆ ನಾನೇ ಹೋಗ್ತೀನಿ."

ಅಲ್ಲಿದ್ದ ಸದಸ್ಯರೆಲ್ಲ ಹೂಂಗುಟ್ಟಿದರು. ರಾಯರೂ ಒಪ್ಪಬೇಕಾಯಿತು.

"ನಿಮ್ಮ ಕುರ್ಚಿ ಮಾತ್ರ ನನ್ನ ಕಡೆ ಇರ್ಲಿ ಬುದ್ಧಿ. ನೆಲಕ್ಕೊಂದು ಗೌರವ," ಎಂದಳು. ರಾಯರು ಉಬ್ಬಿದರು.

ಮೂರು ತಿಂಗಳಾಯಿತು. ಸದಸ್ಯರು ನೋಡಲು ಸೇರಿದರು. ವಾರ್ನಿಷ್ ಬಳಿದ ಕಡೆ ಕುರ್ಚಿ ಎಳೆದಲ್ಲೆಲ್ಲ ಚಕ್ಕೆ ಎದ್ದಿತ್ತು. ಮೇಣದ ಕಡೆ ನೆಲದಲ್ಲಿ ಫ್ಯಾನು ತಿರುಗುವುದು ಕಾಣುತ್ತಿತ್ತು.

ರಾಯರು ಮೇಲೆದ್ದರು. "ಇದು ಮೋಸ. ಇವಳ ಕಡೆ ಯಾರೂ ಕಾಲೇ ಇಟ್ಟಿಲ್ಲ. ಇನ್ನು ನೆಲ ಸವೆಯೋದು ಹೇಗೆ?"

ಪುಟ್ಟೀರಮ್ಮ ಕೈಮುಗಿದಳು. "ಅದೆಂಗಾಯ್ತದೆ ಬುದ್ಧಿ? ನಿಮ್ಮ ಕುರ್ಚಿ ಇದ್ದದ್ದು ಈ ಕಡೇನೇ ಅಲ್ವಾ? ದಿನಾ ನಿಮಗೆ ನಮಸ್ಕಾರ ಹೇಳೋಕೆ ಬಂದೋರೆಲ್ಲ ಇದೇ ನೆಲ ತುಳಿದವ್ರೆ. ಯಾರೂ ಬರ್ಲೇ ಇಲ್ಲ ಅಂತ ನೀವೇ ಅಂದ್ರೆ, ನಾನು ಸೋತೆ."

ರಾಯರು ಸದಸ್ಯರನ್ನು ನೋಡಿದರು. ಸದಸ್ಯರು ಸೂರು ನೋಡಿದರು.

"ಬಂದಿದ್ರು," ಎಂದರು ರಾಯರು ಮೆಲ್ಲಗೆ. "ತುಂಬಾ ಜನ ಬಂದಿದ್ರು."

"ಹಂಗಾದ್ರೆ ಉಳಿದರ್ಧಕ್ಕೂ ಮೇಣ ತರಿಸಿ ಬುದ್ಧಿ," ಎಂದಳು ಪುಟ್ಟೀರಮ್ಮ. "ನಾಳೆ ನಿಮ್ಮ ಕುರ್ಚಿ ಆ ಕಡೆ ಹಾಕಿದ್ರೆ, ಅಲ್ಲಿಗೂ ಇಷ್ಟೇ ಜನ ಬರ್ತಾರೆ."