ಕಚೇರಿಗೆ ಬಿದ್ದ ಏಟು

ಚೆಂಡಿನೇಟು ತಪ್ಪಿಸಿಕೊಳ್ಳುವ ಆಟವನ್ನು ಕಟ್ಟಿ ಬೆಳೆಸಿದ್ದು ಅಳಿಲುಗಳು. ಏಟು ತಿಂದವರು ಗೆರೆಯಾಚೆ ಹೋಗಬೇಕು, ಅಷ್ಟೇ ಆಟ. ಅದಕ್ಕೆ ಹೆಸರು ಬಂದದ್ದೇ ತಡ, ಅಖಿಲ ಕಾನನ ಮಹಾಮಂಡಳಿ ಹುಟ್ಟಿತು. ಹುಟ್ಟಿದಾಗಿನಿಂದ ಒಮ್ಮೆಯೂ ಓಡದ ಆಮೆ ಅದರ ಅಧ್ಯಕ್ಷ ಪದವಿಗೇರಿ, ಅಂಕಣದ ನಡುವೆಯೇ ಕೂತು ತೀರ್ಪು ಕೊಡತೊಡಗಿತು.

ಒಂದು ದಿನ ಚೆಂಡು ಚುರುಕಿ ಎಂಬ ಅಳಿಲಿನ ಬಾಲವನ್ನು ಸವರಿಕೊಂಡು ಹೋಯಿತು.

"ಔಟ್. ಇನ್ನು ಈ ವರ್ಷವಿಡೀ ಆಡುವಂತಿಲ್ಲ," ಎಂದಿತು ಆಮೆ.

"ಸ್ವಾಮಿ, ತಾಗಿದ್ದು ಬರೀ ಕೂದಲಿಗೆ."

"ಮೈಗೆ ಅಂಟಿದ್ದೆಲ್ಲ ಮೈಯೇ. ಮಂಡಳಿಯ ನಿಯಮ."

ಆಟ ಬಿಟ್ಟರೆ ಬೇರೆ ಬದುಕು ಗೊತ್ತಿಲ್ಲದ ಚುರುಕಿಗೆ ಮೈಯೆಲ್ಲ ಉರಿಯಿತು. ಚೆಂಡೆತ್ತಿ ಬೀಸಿತು. ಅದು ಆಮೆಯ ಚಿಪ್ಪಿಗೆ ಠಪ್ಪನೆ ಬಡಿಯಿತು.

"ಅಧ್ಯಕ್ಷರೂ ಔಟ್."

ಆಮೆ ತಲೆಯನ್ನು ಒಳಗೆಳೆದುಕೊಂಡಿತು. "ಚಿಪ್ಪು ನಾನಲ್ಲ, ಅದು ಮಂಡಳಿಯ ಕಚೇರಿ. ಅಧ್ಯಕ್ಷರು ಒಳಗಿಲ್ಲ, ನಾಳೆ ಬನ್ನಿ."

"ಹಾಗಾದರೆ ಕಚೇರಿ ಔಟ್. ಬನ್ರೋ, ಎಲ್ಲರೂ ಕೈ ಹಚ್ಚಿ."

ಅಳಿಲುಗಳೆಲ್ಲ ಸೇರಿ ಚಿಪ್ಪನ್ನು ಗೆರೆಯಾಚೆಗೆ ಉರುಳಿಸಿದವು.

"ಅಯ್ಯೋ, ನಿಲ್ಲಿಸ್ರೋ, ನಾನು ಒಳಗಿದ್ದೇನೆ," ಎಂದು ಕಚೇರಿ ಕೂಗಿಕೊಂಡಿತು.

"ಇಲ್ಲ ಅಂದಿರಲ್ಲ ಸ್ವಾಮಿ. ನಾಳೆ ಬರ್ತೀವಿ," ಎಂದ ಚುರುಕಿ ಅಂಕಣಕ್ಕೆ ಮರಳಿ ಚೆಂಡೆತ್ತಿಕೊಂಡಿತು.