ಹೀರೋ ಕೇಳಿದ ದುಬಾರಿ ಮೈಕು

ಸ್ವಲ್ಪ ಹತ್ತಿರ ಬಾರೇ, ಯಾರ ಹತ್ತಿರವೂ ಬಾಯಿ ಬಿಡಬೇಡ. ಅರವತ್ತಾದರೂ ಕಾಲೇಜು ಹುಡುಗನ ಪಾರ್ಟು ಮಾಡುತ್ತಾನಲ್ಲ ಹೀರೋ ರಣಕಾಂತ, ಅವನು ಡಬ್ಬಿಂಗಿಗೆ ಬಂದು ಮೈಕಿನವನ ಮೇಲೆ ಎಗರಾಡಿದನಂತೆ.

"ಈ ಅಗ್ಗದ ಮೈಕಿಗೆ ನನ್ನ ಡೈಲಾಗೇ? ದುಬಾರಿಯದು ತರದಿದ್ದರೆ ನಾಳೆಯಿಂದ ನಿನಗೆ ಕೆಲಸವಿಲ್ಲ!"

ಮೈಕಿನವನು ದುಬಾರಿಯದನ್ನೇ ತಂದ. ಡೈಲಾಗು ಮುಗಿದ ಮೇಲೆ ಮೈಕಿನವನು ಹೀರೋನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಮೆಲ್ಲಗೆ ಕೇಳಿದ:

"ಅಣ್ಣಾ, ಮಾತುಮಾತಿಗೂ ಟಕ್ ಟಕ್ ಅಂತಿದೆ. ಈ ಮೈಕು ಬಾಯೊಳಗಿನ ಸದ್ದನ್ನೂ ಬಿಡೋದಿಲ್ಲ. ಪ್ರೊಡ್ಯೂಸರನ್ನು ಕರೆದು ಕೇಳಿಸಲಾ?"

ಹೀರೋ ಬಾಯಿಗೆ ಕೈ ಅಡ್ಡ ಹಿಡಿದ. "ಬೇಡಪ್ಪಾ! ನನ್ನ ಗಂಟಲಿಗೆ ಹಳೇ ಮೈಕೇ ಒಗ್ಗೋದು."

ಕಟ್ಟಿಸಿದ ಹಲ್ಲು ಕಣೇ, ಮೂವತ್ತೆರಡೂ!

ಪಕ್ಕದ ಮನೆ ಸಾವಂತ್ರಿಗೆ ಮಾತ್ರ ಹೇಳಿದ್ದೆ. ಅವಳು ಮುಖಕ್ಕೇ ಅಂದುಬಿಟ್ಟಳು: "ಅಜ್ಜೀ, ಆ ಹೀರೋ ಹೆದರಬೇಕಾದ್ದು ಮೈಕಿಗಲ್ಲ, ನಿಮಗೆ."