ಪಂಚರು ಸಿಗದ ಊರು

“ನನ್ನ ಊರಲ್ಲಿ ನ್ಯಾಯಕ್ಕೆ ಯಾರೂ ಕಾಯಬೇಕಾಗಿಲ್ಲ!” ಬಿಳಿಗೆರೆಯ ಅರಸ ಬೊಮ್ಮರಸ ತುಂಬಿದ ಸಭೆಯಲ್ಲಿ ಮೀಸೆ ತೀಡಿದ. “ಊರಿನ ಐದು ಜನ ಪಂಚರಾಗಿ ಕಟ್ಟೆಯ ಮೇಲೆ ಕೂರುತ್ತಾರೆ. ತೀರ್ಪು ಹೇಳುವವರೆಗೆ ಏಳುವ ಹಾಗಿಲ್ಲ, ಉಣ್ಣುವ ಹಾಗಿಲ್ಲ. ಹೇಗಿದೆ ನನ್ನ ಏರ್ಪಾಡು?”

“ಅಂಗಡಿ ಚೆನ್ನಾಗಿದೆ, ಪ್ರಭು. ಬಾಗಿಲು ತೆಗೆಯುವವರೇ ಇಲ್ಲ,” ಎಂದ ಆಸ್ಥಾನದ ಕರಣಿಕ ದೇಪಣ್ಣ. “ಮೂರು ತಿಂಗಳಿಂದ ಕಟ್ಟೆ ಖಾಲಿ. ಹೊರಗೆ ಗಾಣದ ಸಂಗವ್ವ ಕಾಯುತ್ತಾ ಕೂತಿದ್ದಾಳೆ.”

ಸಂಗವ್ವನಿಗೆ ಇದ್ದದ್ದು ಒಂದೇ ಗಾಣ, ಒಂದೇ ಎತ್ತು. ಕೆರೆಯಂಗಳದಲ್ಲಿ ಮೇಯುತ್ತಿದ್ದ ಆ ಎತ್ತನ್ನು ಬಂಡಿ ಬಾಡಿಗೆಯ ದುಗ್ಗಪ್ಪ ತನ್ನ ಎತ್ತುಗಳ ಜೊತೆ ಹೊಡೆದುಕೊಂಡು ಹೋಗಿದ್ದ. ಕೇಳಲು ಹೋದರೆ, “ನನ್ನ ಕೊಟ್ಟಿಗೆಯಲ್ಲಿ ಹುಟ್ಟಿದ ಕರು ಕಣವ್ವ. ಗಾಣದ ನೆರಳನ್ನೂ ಕಂಡದ್ದಲ್ಲ,” ಎಂದು ಬಿಟ್ಟ.

ತೀರ್ಪಾಗುವವರೆಗೆ ವಸ್ತು ಯಾರ ಕೈಯಲ್ಲಿದೆಯೋ ಅವರ ಬಳಿಯೇ ಇರಬೇಕೆಂಬುದು ಊರಿನ ಕಟ್ಟಳೆ. ದುಗ್ಗಪ್ಪ ಲೆಕ್ಕ ಹಾಕಿದ: ಪಂಚರೇ ಕೂರದಿದ್ದರೆ ತೀರ್ಪೂ ಇಲ್ಲ. ಒಂದೊಂದು ಕಸುಬಿನವರ ಮನೆಗೂ ಹೋಗಿ ಕಿವಿಯೂದಿದ. ಅವರೆಲ್ಲ ಸಾಲಾಗಿ ಅರಮನೆಗೆ ಬಂದು ಪಂಚಾಯಿತಿಯಿಂದ ಬಿಡುಗಡೆ ಕೇಳಿದರು. ಅರಸ ಮುದ್ರೆ ಒತ್ತುತ್ತಲೇ ಹೋದ. ಇತ್ತ ಗಾಣ ನಿಂತು, ಎಳ್ಳು ತರುತ್ತಿದ್ದವರು ಪಕ್ಕದೂರಿನ ದಾರಿ ಹಿಡಿದರು.

“ವೈದ್ಯರನ್ನು ಬಿಟ್ಟಿರಿ, ಸರಿ. ಸೂಲಗಿತ್ತಿಯನ್ನೂ ಬಿಟ್ಟಿರಿ, ಸರಿಯೇ,” ಎಂದ ದೇಪಣ್ಣ. “ಕಮ್ಮಾರನನ್ನೇಕೆ ಬಿಟ್ಟಿರಿ?”

“ಕುಲುಮೆ ಆರಿಹೋಗುತ್ತದಂತೆ.”

“ಹೂವಾಡಿಗನನ್ನು?”

“ಹೂ ಬಾಡುತ್ತದೆ.”

“ಉಪ್ಪು ಮಾರುವವನನ್ನು? ಉಪ್ಪೂ ಬಾಡುತ್ತದೆಯೇ?”

“ಮಳೆ ಬಂದರೆ ಕರಗುತ್ತದೆ ಅಂದನಪ್ಪ.”

“ಇದು ಬೇಸಿಗೆ, ಪ್ರಭು.”

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಅರಸನಿಗೆ ಸಿಟ್ಟು ಬಂತು. “ಒತ್ತಿದ ಮುದ್ರೆ ಒತ್ತಿದ್ದೇ! ಕಸುಬಿದ್ದವರನ್ನು ಕದಲಿಸಕೂಡದು. ಕಸುಬಿಲ್ಲದ ಐದು ಜನರನ್ನು ಹುಡುಕಿ ತಾ. ನಾಳೆ ಮಧ್ಯಾಹ್ನದೊಳಗೆ ಕೂರಿಸದಿದ್ದರೆ ಎತ್ತು ದುಗ್ಗಪ್ಪನದೇ.”

“ಊರೆಲ್ಲಾ ಜಾಲಾಡಿ, ದೇಪಣ್ಣನವರೇ,” ಸಭೆಯ ಮೂಲೆಯಲ್ಲಿ ನಿಂತಿದ್ದ ದುಗ್ಗಪ್ಪ ಹಲ್ಲು ಕಿರಿದ. “ಭಿಕ್ಷುಕರಿಗೂ ಮೊನ್ನೆಯೇ ಬಿಡುಗಡೆ ಆಗಿದೆ. ಮನೆಮನೆ ಸುತ್ತುವುದೂ ಒಂದು ಕಸುಬೇ ಅಲ್ಲವೇ?”

ದೇಪಣ್ಣ ಅವನತ್ತ ತಿರುಗಲೂ ಇಲ್ಲ. “ಕಸುಬಿಲ್ಲದವರು ಯಾರೇ ಆಗಲಿ, ಕೂರಿಸಬಹುದೇ, ಪ್ರಭು?”

“ಯಾರೇ ಆಗಲಿ. ಇದು ನನ್ನ ಮಾತು.”

ಮರುದಿನ ಬೆಳಿಗ್ಗೆ ಊರೇ ಕಟ್ಟೆಯ ಮುಂದೆ ನೆರೆದಿತ್ತು. ದುಗ್ಗಪ್ಪನೂ ಎತ್ತನ್ನು ಹಿಡಿದುಕೊಂಡು ಬಂದಿದ್ದ. ಕಟ್ಟೆಯ ಮೇಲೆ ಐದು ಜರಿ ರುಮಾಲುಗಳು ಬೆವರುತ್ತಾ ಕೂತಿದ್ದವು. ಐವರೂ ಅರಸನ ಮನೆಯಳಿಯಂದಿರು!

“ದೇಪಣ್ಣ, ಫಲಾಹಾರ ಎಷ್ಟೊತ್ತಿಗೆ?” ಎಂದ ಹಿರಿಯಳಿಯ.

“ತೀರ್ಪಾದ ಮೇಲೆ, ಅಳಿಯದೇವರೇ.”

“ಅಯ್ಯೋ! ಹಾಗಾದರೆ ಬೇಗ ಹೇಳವ್ವಾ, ಏನು ನಿನ್ನ ದೂರು?”

ಸಂಗವ್ವ ಕೈಮುಗಿದಳು. “ಒಂದೇ ಮಾತು, ಬುದ್ಧಿ. ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿ ಬಯಲಿಗೆ ಬಿಡಿ. ಮೂರು ತಿಂಗಳಿಂದ ಇದನ್ನೇ ಹೇಳಬೇಕು ಅಂತಿದ್ದೆ. ನೋಡೋಕೆ ಐದು ಜೊತೆ ಕಣ್ಣು ಸಿಗಲಿಲ್ಲ.”

ದುಗ್ಗಪ್ಪ ಎತ್ತಿಗೆ ಅಡ್ಡ ನಿಂತ. “ಬೇಡಿ ಸ್ವಾಮಿ, ಅದು ಹಾಯುತ್ತದೆ!”

ಕಿರಿಯಳಿಯ ತನ್ನ ಶಲ್ಯವನ್ನೇ ಕೊಟ್ಟ. ಕಣ್ಣಿಗೆ ಬಟ್ಟೆ ಬಿದ್ದ ಎತ್ತು ಒಂದು ಗಳಿಗೆ ನಿಂತು ಕಿವಿ ಬಡಿಯಿತು. ಆಮೇಲೆ ನಡೆಯತೊಡಗಿತು. ನೇರಕ್ಕಲ್ಲ, ದುಂಡಗೆ ಸುತ್ತುತ್ತಾ. ನಡುವೆ ಗಾಣವಿಲ್ಲ, ಹೆಗಲ ಮೇಲೆ ನೊಗವಿಲ್ಲ. ಆದರೂ ದಿನವೂ ಕಣ್ಣು ಕಟ್ಟಿಸಿಕೊಂಡು ಗಾಣ ಸುತ್ತಿದ ಅಭ್ಯಾಸಕ್ಕೆ ಅಳೆದಿಟ್ಟಂತೆ ಅದೇ ಸುತ್ತು. ನಾಲ್ಕನೆಯ ಸುತ್ತಿಗೆ ಬಯಲಿನ ಧೂಳಿನಲ್ಲಿ ಬಳೆಯಂಥ ಗುರುತು ಬಿತ್ತು.

“ಗಾಣದ ನೆರಳು ಕಾಣದ ಎತ್ತು,” ಎಂದ ದೇಪಣ್ಣ ತಣ್ಣಗೆ.

“ಬಿ... ಬಿಸಿಲಿಗೆ ತಲೆ ಸುತ್ತುತ್ತಿದೆ ಅದಕ್ಕೆ,” ಎಂದ ದುಗ್ಗಪ್ಪ.

“ಹಸಿವಿಗೆ ನನಗೂ ಸುತ್ತುತ್ತಿದೆ!” ಹಿರಿಯಳಿಯ ಗುಡುಗಿದ. “ನಾನೇನು ಹೀಗೆ ನಡೆಯುತ್ತಿದ್ದೇನೆಯೇ? ಎತ್ತು ಸಂಗವ್ವನದು. ಮೂರು ತಿಂಗಳು ನೀನು ದುಡಿಸಿಕೊಂಡದ್ದಕ್ಕೆ ಇನ್ನು ಮೂರು ತಿಂಗಳು ನಿನ್ನದೊಂದು ಎತ್ತು ಅವಳ ಗಾಣಕ್ಕೆ. ಏಳ್ರಪ್ಪಾ, ಊಟಕ್ಕೆ!”

ಸಂಗವ್ವ ಶಲ್ಯ ಬಿಚ್ಚಿ, ಎತ್ತಿನ ಕೊರಳು ತಬ್ಬಿ, ಹಗ್ಗ ಹಿಡಿದು ಮನೆಗೆ ನಡೆದಳು.

ಅರಮನೆಯಲ್ಲಿ ರಾಣಿ ಆಗಲೇ ಅರಸನ ಕಿವಿ ತೂತು ಮಾಡಿದ್ದಳು. “ಏನಯ್ಯಾ ದೇಪಣ್ಣ,” ಅರಸ ಕೂಗಿದ, “ಪಂಚರಾಗಲು ನಿನಗೆ ನನ್ನ ಅಳಿಯಂದಿರೇ ಸಿಕ್ಕಿದರೇ?”

“ಇವರು ಕೂತರೆ ಅರಮನೆಯಲ್ಲಿ ಯಾವ ಕೆಲಸ ನಿಲ್ಲುತ್ತದೆ ಎಂದು ಎಲ್ಲರನ್ನೂ ಕೇಳಿದೆ, ಪ್ರಭು. ನನ್ನ ಕೆಲಸ ನಿಲ್ಲುತ್ತದೆ ಎಂದವನು ಅಡುಗೆಯವನೊಬ್ಬನೇ.”

ಅರಸನಿಗೆ ನಗು ಬಂತು. ರಾಣಿಯತ್ತ ನೋಡಿ ನುಂಗಿಕೊಂಡ. “ಸಾಕು ಸಾಕು. ಅಳಿಯತನವೂ ಒಂದು ಕಸುಬೆಂದು ಪಟ್ಟಿಗೆ ಸೇರಿಸು. ಅವರಿಗೂ ಬಿಡುಗಡೆ.”

ದೇಪಣ್ಣ ತಡಮಾಡದೆ ಬರೆದುಕೊಂಡ. “ಬರೆದೆ, ಪ್ರಭು. ನಾಡಿದ್ದು ಅಗಸರ ಕೇರಿಯ ವ್ಯಾಜ್ಯವಿದೆ. ಈಗ ಪಂಚರಾಗಲು ಊರಲ್ಲಿ ಉಳಿದವರು ಒಬ್ಬರೇ. ಬೆಳಿಗ್ಗೆಯೇ ಕಟ್ಟೆಗೆ ಬರಬೇಕಾಗುತ್ತದೆ, ಬರೀ ಹೊಟ್ಟೆಯಲ್ಲಿ.”

“ಯಾರು ಆ ನಿರುದ್ಯೋಗಿ?”

ದೇಪಣ್ಣ ಪಟ್ಟಿಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ. “ಮೇಲಿಂದ ಕೆಳಗೆ ಮೂರು ಸಲ ಓದಿದೆ, ಪ್ರಭು. ಅರಸುತನ ಅನ್ನುವ ಕಸುಬು ಇದರಲ್ಲಿ ಎಲ್ಲೂ ಇಲ್ಲ.”

ಮೊದಲು ನಕ್ಕವಳು ರಾಣಿ. ಅರಸ ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಪಟ್ಟಿಯನ್ನು ಕಸಿದು ಹರಿದು ಹಾಕಿದ. ತನ್ನ ಕೊರಳಿನ ಹಾರ ತೆಗೆದು ದೇಪಣ್ಣನಿಗೆ ತೊಡಿಸಿದ.

“ಇನ್ನು ಯಾರಿಗೂ ಬಿಡುಗಡೆ ಇಲ್ಲ, ಸರಿಯೇ?”

“ಸೂಲಗಿತ್ತಿಯೊಬ್ಬಳನ್ನು ಬಿಡಿ, ಪ್ರಭು,” ಎಂದ ದೇಪಣ್ಣ. “ಹುಟ್ಟುವ ಕೂಸಿಗೆ ನಿಮ್ಮ ಕಟ್ಟಳೆ ಓದಿ ಕಾಯಲು ಬರುವುದಿಲ್ಲ.”